ಸುಂಕದವನ ಮುಂದೆ ಸೂಟ್‌ಕೇಸ್

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆ ಇದೆ. ಬಿಎಂಟಿಸಿ ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಓದಿಯೂ ಅರ್ಥದ ಕಡೆಗೆ ಗಮನ ಕೊಡದವರೇ ಹೆಚ್ಚು. ಊರೊಳಗೆ ಬರುವ ಸರಕನ್ನು ತಡೆದು ನಿಲ್ಲಿಸಿ ಸುಂಕ ವಸೂಲು ಮಾಡುವ ಕಟ್ಟೆ ಅದು. ಅಂಥ ಕಟ್ಟೆಗಳ ಮುಂದೆ ನಿಂತ ಜನರಿಂದಲೇ "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆ ಹುಟ್ಟಿರಬೇಕು. ನಮ್ಮ ಕಷ್ಟ ಅವನಿಗೆ ಬೇಕಾಗಿಲ್ಲ, ಮೂಟೆಯಲ್ಲಿ ಏನಿದೆ ಎನ್ನುವುದಷ್ಟೇ ಬೇಕು.

ನಾನು ಮುಂಬೈಗೆ ಬಂದು ಇಪ್ಪತ್ತು ವರ್ಷ ದಾಟಿತು. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ವಿದೇಶದಿಂದ ಬರುವವರ ಮಾತು ಬಂದಾಗಲೆಲ್ಲ "ಕಸ್ಟಮ್ಸ್‌ನವರು ಹಿಡಿದರಾ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ತಂದಿರುವುದು ಎರಡು ಡಬ್ಬ ಖರ್ಜೂರವೇ ಆಗಿದ್ದರೂ ಆ ಪ್ರಶ್ನೆಗೆ ರಿಯಾಯಿತಿ ಇಲ್ಲ. ಒಬ್ಬ ಪ್ರಯಾಣಿಕನ ಪೆಟ್ಟಿಗೆಯನ್ನು ಸರ್ಕಾರ ಬಿಚ್ಚಿ ನೋಡುವುದು ಎಂದಿನಿಂದ ಶುರುವಾಯಿತು, ಯಾವುದನ್ನು ಹುಡುಕುತ್ತ ಬಂತು, ಆ ಹುಡುಕಾಟದಲ್ಲಿ ನಮ್ಮಂಥವರ ಮೇಲಿನ ನಂಬಿಕೆ ಹೇಗೆ ಏರಿಳಿಯಿತು ಎಂದು ತಿಳಿಯುವ ಕುತೂಹಲ ನನಗೆ ಬಂದದ್ದು ಈ ಪ್ರಶ್ನೆಯಿಂದಲೇ.

ಮೊದಲು ಹಳೆಯ ಕಾಲಕ್ಕೆ ಹೋಗೋಣ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕೆಲಸದ ವಿವರ ಇದೆ. ನಗರದ ದ್ವಾರದ ಬಳಿ ಸುಂಕದ ಮನೆ, ಅಲ್ಲಿ ನಾಲ್ಕೈದು ಮಂದಿ ಲೆಕ್ಕ ಬರೆಯುವವರು. ಯಾರು, ಎಲ್ಲಿಂದ ಬಂದರು, ಎಷ್ಟು ಸರಕು, ಮುದ್ರೆ ಎಲ್ಲಿ ಬಿತ್ತು ಎಂದು ಅವರು ಬರೆದುಕೊಳ್ಳಬೇಕು. ಇಂದಿನ ಡಿಕ್ಲರೇಷನ್ ಫಾರಂ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಅದಕ್ಕಿಂತ ಕುತೂಹಲದ್ದು ಸುಂಕವಿಲ್ಲದ ವಸ್ತುಗಳ ಪಟ್ಟಿ: ಮದುವೆಗೆ ಬೇಕಾದ ಸಾಮಾನು, ಮದುಮಗಳು ತವರಿನಿಂದ ಗಂಡನ ಮನೆಗೆ ಒಯ್ಯುವ ವಸ್ತು, ಉಡುಗೊರೆ, ದೇವರ ಪೂಜೆಗೆ ಮತ್ತು ಬಾಣಂತನಕ್ಕೆ ಬೇಕಾದದ್ದು. ಹಾಗೆಂದು ಸುಳ್ಳು ಹೇಳಿ ಸರಕು ಸಾಗಿಸಿದವನಿಗೆ ಕಳ್ಳನಿಗೆ ಕೊಡುವ ಶಿಕ್ಷೆ. ವ್ಯಾಪಾರದ ಸರಕು ಬೇರೆ, ಬದುಕಿನ ಸಾಮಾನು ಬೇರೆ ಎಂಬ ವಿವೇಕ ಅಷ್ಟು ಹಿಂದೆಯೇ ಇತ್ತು. ಎರಡನ್ನೂ ಗುರುತಿಸುವ ಕಷ್ಟವೂ ಅಷ್ಟೇ ಹಳೆಯದು.

ನಮ್ಮ ಶಾಸನಗಳಲ್ಲೂ ಸುಂಕದ ಮಾತು ಧಾರಾಳವಾಗಿದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಸುಂಕವೆರ್ಗಡೆ ಎಂಬ ಅಧಿಕಾರಿಯೂ ಇದ್ದ. ವಚನಕಾರರಲ್ಲಿ ಸುಂಕದ ಬಂಕಣ್ಣ ಎಂಬ ಶರಣನಿದ್ದಾನೆ. ಬಂಕೇಶ್ವರಲಿಂಗ ಅವನ ಅಂಕಿತ. ಗಾದೆಯಲ್ಲಿ ಕಲ್ಲುಮನಸ್ಸಿನವನಾಗಿ ಕಾಣುವ ಸುಂಕದವನಿಗೆ ಅನುಭವಿಗಳ ನಡುವೆಯೂ ಒಂದು ಜಾಗ ಇತ್ತು ಎನ್ನುವುದು ನನಗೆ ಇಷ್ಟವಾದ ಸಂಗತಿ.

ಆಧುನಿಕ ಕಾನೂನಿನ ಕತೆ ಬಂದರಿನಿಂದ ಶುರು. ಬ್ರಿಟಿಷರು 1878ರಲ್ಲಿ ಸೀ ಕಸ್ಟಮ್ಸ್ ಆಕ್ಟ್ ತಂದರು. ಹಡಗಿನಲ್ಲಿ ಬಂದವರು ಬೊಂಬಾಯಿಯ ಬಲ್ಲಾರ್ಡ್ ಪಿಯರ್‌ನಲ್ಲಿ ಇಳಿದು ಟ್ರಂಕು ಬಿಚ್ಚಿ ತೋರಿಸುತ್ತಿದ್ದರು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಜುಹುಗೆ ಹಾರಿಸಿಕೊಂಡು ಬಂದ ಪುಟ್ಟ ವಿಮಾನದಲ್ಲಿ ಇದ್ದದ್ದು ಟಪಾಲು ಮಾತ್ರ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ಬೊಂಬಾಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟ ಮೇಲೆ ವಿಮಾನ ನಿಲ್ದಾಣವೂ ದೇಶದ ಒಂದು ಬಾಗಿಲಾಯಿತು. ಆ ಬಾಗಿಲಿಗೆ ಬಂದರಿನ ಕಾನೂನನ್ನೇ ಹೊಂದಿಸಿ ಸರ್ಕಾರ ಕೆಲವು ವರ್ಷ ಸಾಗಿಸಿತು. ಕೊನೆಗೆ ಸಮುದ್ರ, ನೆಲ, ಆಕಾಶ ಮೂರಕ್ಕೂ ಸೇರಿ ಬಂದದ್ದು 1962ರ ಕಸ್ಟಮ್ಸ್ ಕಾಯಿದೆ. ಅದು ಜಾರಿಯಾದದ್ದು 1963ರ ಫೆಬ್ರುವರಿ 1ರಂದು. ಹಲವು ತಿದ್ದುಪಡಿಗಳೊಂದಿಗೆ ಇವತ್ತಿಗೂ ಅದೇ ಕಾಯಿದೆ.

ಆ ಕಾಯಿದೆಯನ್ನು ಬಿಡುವು ಮಾಡಿಕೊಂಡು ಓದಿದೆ. ಕಲಂ 77ರ ಪ್ರಕಾರ ತನ್ನ ಲಗೇಜಿನಲ್ಲಿ ಏನಿದೆ ಎಂದು ಪ್ರಯಾಣಿಕನೇ ಹೇಳಬೇಕು. ಕಲಂ 79ರ ಪ್ರಕಾರ ಪ್ರಯಾಣಿಕನ ಅಥವಾ ಅವನ ಕುಟುಂಬದ ಬಳಕೆಯ ವಸ್ತು, ನಿಜವಾದ ಉಡುಗೊರೆ, ನೆನಪಿನ ಕಾಣಿಕೆ ಇವುಗಳನ್ನು ಮಿತಿಯೊಳಗೆ ಸುಂಕವಿಲ್ಲದೆ ಬಿಡಬಹುದು. ಕೌಟಿಲ್ಯನ ಪಟ್ಟಿ ಇಲ್ಲಿ ಇನ್ನೊಂದು ಭಾಷೆಯಲ್ಲಿ ಬಂದಂತಿದೆ. ಮೈ ತಪಾಸಣೆಗೂ ಕಟ್ಟಳೆ ಇದೆ. ಕಲಂ 102ರಂತೆ, ತಪಾಸಣೆಗೆ ಒಳಗಾಗುವವರು ಕೇಳಿದರೆ ಮೊದಲು ಹತ್ತಿರದ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ದೇಹದೊಳಗೆ ಏನೋ ಅಡಗಿಸಿದ್ದಾರೆ ಎಂಬ ಅನುಮಾನ ಬಂದರೆ ಮ್ಯಾಜಿಸ್ಟ್ರೇಟರ ಮೂಲಕ ಎಕ್ಸ್‌ರೇ ತೆಗೆಸುವ ದಾರಿಯನ್ನು ಕಲಂ 103 ಅಂದೇ ತೋರಿಸಿತ್ತು.

ಕಲಂ 123ರಲ್ಲಿ ಮಾತ್ರ ಧಾಟಿ ಬದಲಾಗುತ್ತದೆ. ಸಾಮಾನ್ಯವಾಗಿ ಅಪರಾಧವನ್ನು ಸಾಬೀತು ಮಾಡಬೇಕಾದದ್ದು ಆರೋಪ ಹೊರಿಸಿದವರು. ಆದರೆ ಕಳ್ಳಮಾಲು ಎಂಬ ಸಕಾರಣ ನಂಬಿಕೆಯಿಂದ ಚಿನ್ನವನ್ನೋ ಕೈಗಡಿಯಾರವನ್ನೋ ಜಪ್ತಿ ಮಾಡಿದರೆ, ಅದು ಕಳ್ಳಮಾಲಲ್ಲ ಎಂದು ತೋರಿಸುವ ಹೊಣೆ ಅದನ್ನು ಹೊಂದಿದವನದು. ಕೈಗಡಿಯಾರ ಯಾಕೆ ಎಂದು ಇಂದಿನ ಹುಡುಗರು ಕೇಳಬಹುದು. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಗಡಿಯಾರದ ಕಾರ್ಖಾನೆ ತೆರೆದದ್ದು 1961ರಲ್ಲಿ. ವಿದೇಶಿ ವಾಚು ತರಲು ಲೈಸೆನ್ಸು ಬೇಕಿದ್ದ, ವಿದೇಶಿ ವಿನಿಮಯದ ಪ್ರತಿ ಪೌಂಡನ್ನೂ ಎಣಿಸಿ ಖರ್ಚು ಮಾಡುತ್ತಿದ್ದ ಕಾಲ ಅದು.

ಚಿನ್ನದ ಕತೆ ಇನ್ನೂ ಉದ್ದ. ಅನುಮತಿಯಿಲ್ಲದೆ ಚಿನ್ನ ತರುವುದನ್ನು 1947ರ ವಿದೇಶಿ ವಿನಿಮಯ ಕಾಯಿದೆ ತಡೆಯಿತು. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನದ ನಿಯಂತ್ರಣ ತಂದರು. 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ದೇಶದಾದ್ಯಂತ ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. ಬಳಿಕ 1968ರ ಚಿನ್ನ ನಿಯಂತ್ರಣ ಕಾಯಿದೆ ಬಂದು, ಸಾಮಾನ್ಯ ಜನ ಗಟ್ಟಿ ಚಿನ್ನ, ಬಿಸ್ಕತ್ತು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಮದುವೆಗೆ ಚಿನ್ನ ಬೇಕೆನ್ನುವ ಮನೆಗಳೇನೂ ಕಡಿಮೆಯಾಗಲಿಲ್ಲ. ಹೊರಗಿನ ಬೆಲೆಗೂ ಬೊಂಬಾಯಿಯ ಝವೇರಿ ಬಜಾರಿನ ಬೆಲೆಗೂ ದೊಡ್ಡ ಅಂತರ ಬಿದ್ದಾಗ ಆ ಅಂತರವೇ ಒಂದು ದಂಧೆಯಾಯಿತು. 116 ಗ್ರಾಮಿಗಿಂತ ತುಸು ಹೆಚ್ಚು ತೂಗುವ ಹತ್ತು ತೊಲದ ಬಿಸ್ಕತ್ತುಗಳು ದುಬೈನಿಂದ ಹಾಯಿಹಡಗುಗಳಲ್ಲಿ ಬಂದವು. ಬಟ್ಟೆಯ ಜಾಕೀಟಿಗೆ ಸಾಲು ಸಾಲು ಜೇಬು ಹೊಲಿದು ಅದರೊಳಗೆ ಇಟ್ಟುಕೊಂಡವರು ವಿಮಾನದಲ್ಲೂ ಬಂದರು. ಇದನ್ನು ತಡೆಯಲೆಂದು ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾಫೆಪೋಸಾ ಕಾಯಿದೆ 1974ರಲ್ಲಿ ಬಂತು.

ಕರಾವಳಿಯ ಜನ ಈ ಕತೆಯೊಳಗೆ ಬರುವುದು ಇದೇ ಹೊತ್ತಿಗೆ. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಶುರುವಾದಾಗ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳಗಳಿಂದ ಜನ ಹೊರಟರು. ಬಜ್ಪೆಯಲ್ಲಿ 1951ರಿಂದಲೇ ವಿಮಾನ ನಿಲ್ದಾಣ ಇದ್ದರೂ ಅಲ್ಲಿಂದ ವಿದೇಶಕ್ಕೆ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯವರೆಗೆ ಮೂರು ದಶಕ ಬಹುಪಾಲು ಕರಾವಳಿಯವರಿಗೆ ಗಲ್ಫಿನ ಬಾಗಿಲು ಎಂದರೆ ಬೊಂಬಾಯಿ. ಮೊದಲು ಸಾಂತಾಕ್ರೂಜ್, 1981ರ ನಂತರ ಸಹಾರ್. ಕೊಂಕಣ ರೈಲು ಪೂರ್ತಿ ತೆರೆದದ್ದು 1998ರಲ್ಲಿ. ಅಲ್ಲಿಯವರೆಗೆ ವಿಮಾನ ಇಳಿದ ಮೇಲೆ ಊರು ಮುಟ್ಟಲು ಘಟ್ಟದ ತಿರುವುಗಳಲ್ಲಿ ಬಸ್ಸಿನ ಪ್ರಯಾಣ.

ನನ್ನ ಸೋದರಮಾವ ಹಾಗೆ ಬರುತ್ತಿದ್ದವರು. ಅವರ ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗದ ಕಟ್ಟು, ನಾಲ್ಕೂ ಬದಿಯಲ್ಲಿ ದಪ್ಪಕ್ಷರದಲ್ಲಿ ಹೆಸರು, ಊರು. ಒಳಗೆ ನೀಡೋ ಹಾಲಿನ ಪುಡಿ, ಟ್ಯಾಂಗ್, ಯಾರ್ಡ್ಲಿ ಪೌಡರ್, ಟೈಗರ್ ಬಾಮ್, ಅಜ್ಜಿಗೆ ದಪ್ಪ ಕಂಬಳಿ, ಅಮ್ಮನಿಗೆ ಪಾಲಿಸ್ಟರ್ ಸೀರೆ, ಒಂದು ಟೂ-ಇನ್-ಒನ್. ಕ್ಯಾಸೆಟ್ ಹಾಕುವ ಆ ರೇಡಿಯೋದ ಬಿಲ್ಲನ್ನು ಮಾವ ಪಾಸ್‌ಪೋರ್ಟಿಗಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. "ಬಿಲ್ಲು ಇದ್ದರೆ ಅವರು ಹೇಳಿದ ಬೆಲೆ ಅಲ್ಲ ಮಾರಾಯ, ನಾವು ಕೊಟ್ಟ ಬೆಲೆ" ಎನ್ನುತ್ತಿದ್ದರು. ಸಾಮಾನಿನ ಬೆಲೆ ಕಟ್ಟುವಾಗ ಶುರುವಾಗುವ ಚೌಕಾಸಿಯಲ್ಲಿ ತನ್ನ ಕೈಯಲ್ಲಿ ಒಂದು ಕಾಗದ ಇರಬೇಕು ಎನ್ನುವುದು, ಏಳನೇ ಕ್ಲಾಸು ಓದಿದ ಆ ಮನುಷ್ಯ ಕಂಡುಕೊಂಡ ಕಾನೂನು.

ಅವರಂಥವರ ಮೇಲೆ ಅನುಮಾನಪಡಲು ಸರ್ಕಾರಕ್ಕೆ ಕಾರಣವೇ ಇರಲಿಲ್ಲ ಎನ್ನಲಾರೆ. ಬಂದ ಸಾಮಾನಿನಲ್ಲಿ ಒಂದು ಪಾಲು ಬೊಂಬಾಯಿಯ ಮನೀಷ್ ಮಾರ್ಕೆಟ್, ಮದರಾಸಿನ ಬರ್ಮಾ ಬಜಾರ್ ಸೇರುತ್ತಿತ್ತು. ತಂದವನಿಗೆ ವಿಮಾನದ ಟಿಕೆಟ್ಟಿನ ಖರ್ಚು ಹುಟ್ಟುತ್ತಿತ್ತು. ಕೌಟಿಲ್ಯನ ಹಳೆಯ ಸಮಸ್ಯೆಯೇ ಇದು: ಯಾವುದು ಉಡುಗೊರೆ, ಯಾವುದು ಸರಕು? ತೊಂದರೆ ಏನೆಂದರೆ, ಅದನ್ನು ತೀರ್ಮಾನಿಸುವ ಮೇಜಿನ ಮುಂದೆ ಇಂಗ್ಲಿಷ್ ಬಾರದ, ಹಿಂದಿ ತಡವರಿಸುವ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಕೂಲಿಕಾರನೂ ಚಿನ್ನದ ಜಾಕೀಟಿನವನೂ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು. ಜಾಕೀಟಿನವನಿಗೆ ದಾರಿ ಗೊತ್ತಿತ್ತು. ಕೂಲಿಕಾರನಿಗೆ ಹೆದರಿಕೆ ಮಾತ್ರ ಗೊತ್ತಿತ್ತು.

ಇದಕ್ಕೆ ಜಗತ್ತು ಕಂಡುಕೊಂಡ ಒಂದು ಉಪಾಯ ಹಸಿರು ಮತ್ತು ಕೆಂಪು ದಾರಿ. ಬ್ರಸೆಲ್ಸ್‌ನ ಕಸ್ಟಮ್ಸ್ ಕೋಆಪರೇಷನ್ ಕೌನ್ಸಿಲ್ 1971ರಲ್ಲಿ ವಿಮಾನ ಪ್ರಯಾಣಿಕರಿಗೆ ಇದನ್ನು ಶಿಫಾರಸು ಮಾಡಿತು. ಎಲ್ಲರ ಪೆಟ್ಟಿಗೆ ಬಿಚ್ಚುವ ಬದಲು, ತನ್ನಲ್ಲಿ ಸುಂಕದ ವಸ್ತು ಇದೆಯೋ ಇಲ್ಲವೋ ಎಂದು ಪ್ರಯಾಣಿಕನೇ ನಡೆದು ತೋರಿಸಲಿ ಎನ್ನುವುದು ಇದರ ತರ್ಕ. ಹಸಿರು ದಾರಿಯಲ್ಲಿ ಕಾಲಿಟ್ಟರೆ "ನನ್ನ ಬಳಿ ಏನೂ ಇಲ್ಲ" ಎಂದು ಹೇಳಿಕೆ ಕೊಟ್ಟಂತೆಯೇ. ಬಾಯಿಬಿಡದೆ ಹೇಳಿದ್ದೂ ಸುಳ್ಳಾದರೆ ಶಿಕ್ಷೆ ಉಂಟು. ಈ ಸಂಗತಿ ತಿಳಿಯದೆ ಮುಂದಿನವನ ಬೆನ್ನು ನೋಡುತ್ತ ಹಸಿರಿನಲ್ಲಿ ನಡೆದುಹೋಗುವವರು ಇಂದಿಗೂ ಇದ್ದಾರೆ. ಅಂದು ಅಧಿಕಾರಿ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕುತ್ತಿದ್ದ ಗುರುತಿನ ಕೆಲಸವನ್ನು ಈಗ ಬೆಲ್ಟಿಗೆ ಬರುವ ಮೊದಲೇ ಎಕ್ಸ್‌ರೇ ಯಂತ್ರ ಮಾಡುತ್ತದೆ.

ಕಾನೂನಿನ ಕಣ್ಣು ಬದಲಾದ ವೇಗವನ್ನು ನೋಡಬೇಕಾದರೆ 1990ರಿಂದ 1992ರವರೆಗಿನ ಎರಡು ವರ್ಷ ಸಾಕು. 1990ರಲ್ಲಿ ಮಧು ದಂಡವತೆ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನ ನಿಯಂತ್ರಣ ಕಾಯಿದೆ ರದ್ದಾಯಿತು. 1991ರಲ್ಲಿ ದೇಶದ ವಿದೇಶಿ ವಿನಿಮಯ ಬರಿದಾಗಿ, ಮೇ ತಿಂಗಳಲ್ಲಿ 20 ಟನ್, ಜುಲೈಯಲ್ಲಿ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಸಾಲ ಎತ್ತಬೇಕಾಯಿತು. ಚಿನ್ನ ಬೊಂಬಾಯಿಯಿಂದಲೇ ವಿಮಾನ ಏರಿತು. ಮರುವರ್ಷದ ಬಜೆಟ್ಟಿನಲ್ಲಿ ಮನಮೋಹನ್ ಸಿಂಗ್, ಆರು ತಿಂಗಳಾದರೂ ಹೊರಗಿದ್ದು ಮರಳುವ ಭಾರತೀಯರು 5 ಕಿಲೋವರೆಗೆ ಚಿನ್ನವನ್ನು ಸುಂಕ ಕಟ್ಟಿ ತರಬಹುದು ಎಂದರು. 1989ರಲ್ಲಿ ಅದೇ ಮನುಷ್ಯ ಅದೇ ಬಿಸ್ಕತ್ತು ತಂದಿದ್ದರೆ ಜೈಲು. 1992ರಲ್ಲಿ ಕೆಂಪು ದಾರಿಯಲ್ಲಿ ಹೋಗಿ ರಸೀದಿ ಪಡೆದರೆ ದೇಶಕ್ಕೆ ಉಪಕಾರ. ಅವನು ವರ್ಷ ವರ್ಷ ಕಳಿಸಿದ ಹಣದ ಬೆಲೆ ಸರ್ಕಾರಕ್ಕೆ ತಿಳಿಯಲು ಅಂಥ ಬಿಕ್ಕಟ್ಟೇ ಬರಬೇಕಾಯಿತು.

ಆಮೇಲೆ ಸುಂಕ ಏರಿದಾಗ ಕಳ್ಳಸಾಗಣೆ ಏರುವ, ಇಳಿದಾಗ ಇಳಿಯುವ ಆಟ ನಡೆದೇ ಇದೆ. 2013ರಲ್ಲಿ ಚಿನ್ನದ ಸುಂಕ ಶೇ. 10 ಆಯಿತು, 2022ರಲ್ಲಿ ಸೆಸ್ಸು ಸೇರಿ ಶೇ. 15, 2024ರ ಜುಲೈನಲ್ಲಿ ಶೇ. 6. ಬಿಸ್ಕತ್ತಿನ ಜಾಗಕ್ಕೆ ಈಗ ಪೇಸ್ಟ್ ಬಂದಿದೆ. ಇದರ ನಡುವೆ ಸಣ್ಣವರಿಗೆ ತಟ್ಟಿದ್ದು ಬೇರೆ ಲೆಕ್ಕ. 2016ರ ಬ್ಯಾಗೇಜ್ ನಿಯಮಗಳ ಪ್ರಕಾರ, ಒಂದು ವರ್ಷಕ್ಕೂ ಹೆಚ್ಚು ಹೊರಗಿದ್ದು ಬರುವ ಗಂಡಸು 20 ಗ್ರಾಂ, ಹೆಂಗಸು 40 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ತರಬಹುದಿತ್ತು. ಆದರೆ ಜೊತೆಗೇ 50 ಸಾವಿರ ಮತ್ತು 1 ಲಕ್ಷ ರೂಪಾಯಿಯ ಬೆಲೆಮಿತಿ. 2025ರಲ್ಲಿ ಹತ್ತು ಗ್ರಾಂ ಚಿನ್ನ 1 ಲಕ್ಷ ದಾಟಿದಾಗ ಆ 40 ಗ್ರಾಂ ಎನ್ನುವುದು ಕಾಗದದ ಮೇಲೆ ಮಾತ್ರ ಉಳಿಯಿತು. ಕುತ್ತಿಗೆಯ ಕರಿಮಣಿ ಸರ, ಕೈಯ ಎರಡು ಬಳೆ ಸೇರಿದರೆ ಮಿತಿ ಮೀರುತ್ತಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ದುಬೈನಿಂದ ಬಂದ ಒಬ್ಬ ನಟಿಯಿಂದ 14 ಕಿಲೋಗೂ ಹೆಚ್ಚು ಚಿನ್ನ ಹಿಡಿದ ಸುದ್ದಿ ಬಂತು. ಗಣ್ಯರಿಗಿರುವ ಪ್ರೋಟೋಕಾಲ್ ದಾರಿಯನ್ನು ಬಳಸಲಾಗಿತ್ತು ಎಂಬ ಆರೋಪವೂ ಜೊತೆಗಿತ್ತು. ಆರೋಪದ ಸತ್ಯಾಸತ್ಯ ನ್ಯಾಯಾಲಯ ನೋಡಿಕೊಳ್ಳಲಿ. ಹಸಿರು, ಕೆಂಪು ಅಲ್ಲದ ಮೂರನೆಯ ದಾರಿಯೊಂದರ ಮಾತು ಕೇಳಿ ನನಗೆ ನೆನಪಾದದ್ದು ಆ ಹಳೆಯ ಸಾಲು ಮತ್ತು ಅದರಲ್ಲಿ ನಿಂತಿದ್ದ ಎರಡು ಬಗೆಯ ಜನ.

ಗಲ್ಫಿಗೆ ಹೋದ ನಮ್ಮ ಮೊದಲ ತಲೆಮಾರು ಡೈರಿ ಬರೆದವರಲ್ಲ. ಅವರು ಏನು ದುಡಿದರು, ಯಾರಿಗಾಗಿ ಏನು ಕೊಂಡರು, ಎಷ್ಟು ದಂಡ ತೆತ್ತರು ಎನ್ನುವುದಕ್ಕೆ ಹಲವರ ಮನೆಯಲ್ಲಿ ಉಳಿದಿರುವ ಬರಹದ ದಾಖಲೆ ಎಂದರೆ ಹಳೆಯ ಪಾಸ್‌ಪೋರ್ಟು, ಅದರೊಳಗೆ ಮಡಚಿಟ್ಟ ಕಸ್ಟಮ್ಸ್ ರಸೀದಿ, ಅಂಗಡಿಯ ಬಿಲ್ಲು. ದೀಪಾವಳಿಗೆ ಊರಿಗೆ ಹೋಗಿ ಅಟ್ಟ ಗುಡಿಸುವಾಗ ಅಂಥ ಕಾಗದ ಕೈಗೆ ಸಿಕ್ಕರೆ ರದ್ದಿಗೆ ಹಾಕಬೇಡಿ. ಫೋಟೋ ತೆಗೆದಿಡಿ. ಯಾವ ಇಸವಿ, ಯಾವ ಸಾಮಾನು, ಯಾರಿಗೆ ತಂದದ್ದು ಎಂದು ಮನೆಯ ಹಿರಿಯರನ್ನು ಕೇಳಿ ಹಿಂದೆ ಬರೆದಿಡಿ. ಮಾವನ ಟೂ-ಇನ್-ಒನ್ ಕೆಟ್ಟು ಎಷ್ಟೋ ಕಾಲವಾಯಿತು. ಅದರ ಬಿಲ್ಲು ಈಗ ನನ್ನ ಬಳಿ ಇದೆ.