ಹಗಲು ದರ್ಬಾರು, ರಾತ್ರಿ ಪಾಠ: ಇಬ್ನು ಸೀನಾರ ಹಮದಾನ್ ದಿನಗಳು

ಇಬ್ನು ಸೀನಾರ ಹೆಸರು ಕೇಳದವರು ಕಡಿಮೆ. ಕ್ರಿ.ಶ. 980ರಲ್ಲಿ ಬುಖಾರಾ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಅವರ ‘ಅಲ್ ಖಾನೂನ್’ ಯುರೋಪಿನ ವೈದ್ಯಶಾಲೆಗಳಲ್ಲೂ ಶತಮಾನಗಳ ಕಾಲ ಪಠ್ಯವಾಗಿತ್ತು. ಇಂಥ ಗ್ರಂಥ ಬರೆದವರಿಗೆ ಬೇರೆ ಕೆಲಸವೇ ಇರಲಿಲ್ಲವೇನೋ ಎಂದು ನಮಗೆ ಅನಿಸುವುದು ಸಹಜ. ಆದರೆ 25 ವರ್ಷ ಅವರ ಜೊತೆಗಿದ್ದ ಶಿಷ್ಯ ಅಬೂ ಉಬೈದ್ ಅಲ್ ಜೂಝ್‌ಜಾನಿ ಬರೆದಿಟ್ಟ ವೃತ್ತಾಂತ ಬೇರೆಯದನ್ನೇ ಹೇಳುತ್ತದೆ.

ಇರಾನಿನ ಹಮದಾನ್‌ನಲ್ಲಿ ಆಗ ಬುವೈಹಿ ವಂಶದ ಅಮೀರ್ ಶಂಸುದ್ದೌಲಾರ ಆಳ್ವಿಕೆ. ಅಮೀರರಿಗೆ ವಿಪರೀತ ಹೊಟ್ಟೆಶೂಲೆ. ಇಬ್ನು ಸೀನಾ 40 ದಿನ ಅರಮನೆಯಲ್ಲೇ ಇದ್ದು ಗುಣಪಡಿಸಿದರು. ವೈದ್ಯನಾಗಿ ಹೋದವರ ಹೆಗಲಿಗೆ ವಝೀರ್ ಪದವಿಯೂ ಬಂತು. ಅದು ಹೂವಿನ ಹಾಸಿಗೆಯಾಗಿರಲಿಲ್ಲ. ಸೈನಿಕರು ದಂಗೆ ಎದ್ದು ಅವರ ಮನೆಯನ್ನು ಮುತ್ತಿ, ಇದ್ದಬದ್ದದ್ದನ್ನೆಲ್ಲ ದೋಚಿ, ಅವರನ್ನು ಕೊಲ್ಲಿಸಬೇಕೆಂದು ಪಟ್ಟು ಹಿಡಿದರು. ಅಮೀರರು ಅದಕ್ಕೆ ಒಪ್ಪದೆ ಹುದ್ದೆಯಿಂದ ಮಾತ್ರ ಇಳಿಸಿದರು. ಇಬ್ನು ಸೀನಾ ಪರಿಚಿತರೊಬ್ಬರ ಮನೆಯಲ್ಲಿ 40 ದಿನ ಅಡಗಿದ್ದರು. ಅಷ್ಟರಲ್ಲಿ ಅಮೀರರ ಹೊಟ್ಟೆನೋವು ಮರುಕಳಿಸಿತು! ಕ್ಷಮೆ ಕೇಳಿ ಕರೆಸಿಕೊಂಡರು, ವಝೀರ್ ಪದವಿಯನ್ನು ಮತ್ತೆ ಕೊಟ್ಟರು.

ಈ ಗದ್ದಲದ ನಡುವೆಯೇ ಜೂಝ್‌ಜಾನಿ ಒಂದು ಬೇಡಿಕೆ ಇಟ್ಟರು: ಅರಿಸ್ಟಾಟಲನ ಗ್ರಂಥಗಳಿಗೆ ವ್ಯಾಖ್ಯಾನ ಬರೆಯಬೇಕು. ಅದಕ್ಕೆ ಬಿಡುವಿಲ್ಲ ಎಂದು ಗುರು ನೇರವಾಗಿಯೇ ಹೇಳಿಬಿಟ್ಟರು. ಆದರೆ ಎದುರು ಪಕ್ಷದವರ ವಾದ ಖಂಡಿಸುತ್ತಾ ಕೂರದೆ, ತಮಗೆ ಸರಿಯೆನಿಸಿದ್ದನ್ನಷ್ಟೇ ಬರೆಯಬಹುದಾದರೆ ಸಿದ್ಧ ಎಂದರು. ‘ಅಶ್ಶಿಫಾ’ ಎಂಬ ಮಹಾಗ್ರಂಥ ಶುರುವಾದದ್ದು ಹೀಗೆ. ಅವರ ಪುಟಗಳ ಲೆಕ್ಕಕ್ಕಿಂತ ಈ ಉತ್ತರವೇ ನನಗೆ ದೊಡ್ಡದಾಗಿ ಕಾಣುತ್ತದೆ. ಎಲ್ಲದಕ್ಕೂ ಹೂಂ ಎಂದು ಯಾವುದನ್ನೂ ಮುಗಿಸಲಾಗದೆ ಒದ್ದಾಡುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ?

ಹಗಲು ಅಮೀರರ ಸೇವೆಗೆ ಮೀಸಲು. ಆದ್ದರಿಂದ ಪಾಠ ರಾತ್ರಿಗೆ. ಶಿಷ್ಯರು ಮನೆಯಲ್ಲಿ ಸೇರುತ್ತಿದ್ದರು. ಜೂಝ್‌ಜಾನಿ ‘ಶಿಫಾ’ ಓದಿದರೆ, ಸರದಿಯಂತೆ ಮತ್ತೊಬ್ಬರು ‘ಖಾನೂನ್’ ಓದುತ್ತಿದ್ದರು. ಪಾಠದ ನಂತರ ಗಾಯನ, ಮದ್ಯಪಾನವೂ ಇತ್ತೆಂಬುದನ್ನು ಶಿಷ್ಯ ಮುಚ್ಚಿಟ್ಟಿಲ್ಲ. ನಾವೂ ಮುಚ್ಚಿಡಬೇಕಿಲ್ಲ, ಅನುಕರಿಸಲೂ ಬೇಕಿಲ್ಲ. ಹೊಸ ಪುಸ್ತಕ ಸಿಕ್ಕರೆ ಅವರು ಮೊದಲಿನಿಂದ ಕೊನೆಯವರೆಗೆ ಓದುತ್ತಿರಲಿಲ್ಲವಂತೆ. ಕಠಿಣ ಭಾಗಗಳನ್ನು ಮಾತ್ರ ತೆರೆದು, ಬರೆದವರ ಯೋಗ್ಯತೆ ಎಷ್ಟೆಂದು ಅಳೆಯುತ್ತಿದ್ದರು.

ಶಂಸುದ್ದೌಲಾ ತೀರಿಕೊಂಡ ಮೇಲೆ ಮತ್ತೆ ವಝೀರ್ ಆಗಲು ಅವರು ಒಪ್ಪಲಿಲ್ಲ. ಔಷಧಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಅಡಗಿದರು. ಅಲ್ಲಿ ಕಾಗದ, ಶಾಯಿ ತರಿಸಿಕೊಂಡು, ಯಾವ ಪುಸ್ತಕವನ್ನೂ ನೋಡದೆ ಎರಡು ದಿನದಲ್ಲಿ ಮುಖ್ಯ ವಿಷಯಗಳ ತಲೆಬರಹಗಳನ್ನಷ್ಟೇ ಬರೆದರು. ಆಮೇಲೆ ಒಂದೊಂದನ್ನೇ ಎದುರಿಗಿಟ್ಟುಕೊಂಡು ದಿನಕ್ಕೆ 50 ಹಾಳೆಯಂತೆ ವಿವರಣೆ ಬರೆಯುತ್ತಾ ಹೋದರು. ಕೊನೆಗೆ ಸಿಕ್ಕಿಬಿದ್ದು ಫರ್ದಜಾನ್ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆವಾಸ. ಅಲ್ಲೂ ಬರವಣಿಗೆ ನಿಲ್ಲಲಿಲ್ಲ. ಅಲ್ಲಿ ಬರೆದವುಗಳಲ್ಲಿ ಒಂದು ಅದೇ ಹೊಟ್ಟೆಶೂಲೆಯ ಬಗೆಗಿನ ಪುಸ್ತಕ.

ಮುಂದೆ ಸೂಫಿಗಳ ವೇಷದಲ್ಲಿ ಇಸ್ಫಹಾನ್ ಸೇರಿದರು. ಅಲ್ಲಿನ ಅಮೀರ್ ಅಲಾಉದ್ದೌಲಾ ಶುಕ್ರವಾರದ ರಾತ್ರಿಗಳನ್ನು ವಿದ್ವಾಂಸರ ಚರ್ಚೆಗೆಂದೇ ಇಟ್ಟರು. ‘ಶಿಫಾ’ದಲ್ಲಿ ಬಾಕಿಯಿದ್ದ ಸಸ್ಯ ಮತ್ತು ಪ್ರಾಣಿಗಳ ಭಾಗಗಳು ಮುಗಿದದ್ದು ಅಮೀರರ ಜೊತೆ ದಂಡಯಾತ್ರೆ ಹೊರಟ ದಾರಿಯಲ್ಲಿ.

ಎಲ್ಲದಕ್ಕೂ ಹೊತ್ತು ಹೊಂದಿಸಿದ ಅವರು ತಮ್ಮ ದೇಹಕ್ಕೆ ಮಾತ್ರ ಹೊಂದಿಸಲಿಲ್ಲ. ಅಮೀರರನ್ನು ಕಾಡಿದ್ದ ಶೂಲೆ ಅವರಿಗೂ ಬಂತು. ದಂಡು ಹೊರಟರೆ ತಾನು ಹಿಂದೆ ಉಳಿದೇನೆಂಬ ಭಯದಲ್ಲಿ ಒಂದೇ ದಿನ ಎಂಟು ಬಾರಿ ಎನಿಮಾ ತೆಗೆದುಕೊಂಡರು, ಕರುಳಲ್ಲಿ ಹುಣ್ಣಾಯಿತು. ಸ್ವಲ್ಪ ಚೇತರಿಸಿಕೊಳ್ಳುವುದು, ಮತ್ತೆ ಪಯಣ, ಮತ್ತೆ ಮಲಗುವುದು. ಹಮದಾನ್ ತಲುಪಿದಾಗ, ದೇಹವನ್ನು ನಡೆಸುವ ಶಕ್ತಿಯೇ ಸೋತಿದೆ ಎಂದು ತಾವೇ ತೀರ್ಮಾನಿಸಿ ಚಿಕಿತ್ಸೆ ನಿಲ್ಲಿಸಿದರು. ಹಿಜರಿ 428, ಅಂದರೆ ಕ್ರಿ.ಶ. 1037ರಲ್ಲಿ ತೀರಿಕೊಂಡ ಅವರ ಕಬರ್ ಅದೇ ಊರಿನಲ್ಲಿದೆ.