ಅಂಗಳಕ್ಕೆ ಕಾಂಕ್ರೀಟ್: ಸ್ವಂತ ಕೆಲಸವೋ, ಮೇಸ್ತ್ರಿಯೋ?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಸೆಗಣಿ ಸಾರಿಸುತ್ತಿದ್ದ ಹಲವು ಅಂಗಳಗಳು ಇಂದು ಕಾಂಕ್ರೀಟ್ ಕಂಡಿವೆ. ಕೆಲಸವನ್ನು ಸ್ವತಃ ಮಾಡುವುದೇ, ಮೇಸ್ತ್ರಿಗೆ ವಹಿಸುವುದೇ ಎಂಬುದನ್ನು ಅಳತೆಯೇ ನಿರ್ಧರಿಸುತ್ತದೆ.

20 ಅಡಿ ಉದ್ದ, 15 ಅಡಿ ಅಗಲದ ಅಂಗಳಕ್ಕೆ 4 ಇಂಚು ದಪ್ಪದಲ್ಲಿ 100 ಘನ ಅಡಿ, ಸುಮಾರು 7 ಟನ್ ಕಾಂಕ್ರೀಟ್ ಬೇಕು. ಕಲಸಿದ ಮಿಶ್ರಣವನ್ನು ಬಿಗಿಯುವ ಮೊದಲೇ ಹಾಸಿ ಮಟ್ಟಗೊಳಿಸಬೇಕಾದ್ದರಿಂದ ಇಲ್ಲಿ ಮಿಕ್ಸರ್ ಸಹಿತ ತಂಡವೇ ಲೇಸು. ಹದಗೆಟ್ಟರೆ ಒಡೆದು ತೆಗೆಯುವ ಖರ್ಚು ಉಳಿಸಿದ ಕೂಲಿಯನ್ನು ಮೀರೀತು. ಬಟ್ಟೆ ಒಗೆಯುವ ಕಲ್ಲಿನ ಸುತ್ತಲಿನಂಥ ಸಣ್ಣ ಜಾಗವನ್ನು ಮನೆಮಂದಿಯೇ ಮಾಡಿಕೊಳ್ಳಬಹುದು.

ಯಾರೇ ಮಾಡಲಿ, ಉಪ್ಪಿನಂಶದ ಮರಳು ಸಲ್ಲದು. ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇಳಿಜಾರು ಮನೆಯಿಂದ ಹೊರಕ್ಕಿರಲಿ. ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಮೇ ಮಧ್ಯದೊಳಗೆ, ಮುಂಗಾರಿಗೆ ಮುನ್ನವೇ ಮುಗಿಸುವುದು ಕ್ಷೇಮ.