ಹ್ಯಾನೋವರಿನ ಚಿಕ್ಕ ಕಾಲೇಜು

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳುಹಿಸುವ ಗೃಹಸ್ಥರು ಈಗ ನಮ್ಮ ನಗರಗಳಲ್ಲಿ ಅಪರೂಪವಲ್ಲ. ಅವರಲ್ಲಿ ಕೆಲವರು, ಕಾಲೇಜಿನಲ್ಲಿ ಪಾಠ ಹೇಳುವವನೆಂಬ ಒಂದೇ ಕಾರಣಕ್ಕೆ, ಕನ್ನಡದ ಮೇಷ್ಟರಾದ ನನ್ನನ್ನೂ ಒಂದು ಮಾತು ಕೇಳುವುದುಂಟು: ಲೋಕಪ್ರಸಿದ್ಧವಾದ ವಿಶ್ವವಿದ್ಯಾನಿಲಯವೊಂದರಲ್ಲಿ ಮಗಳಿಗೆ ಸ್ಥಳ ದೊರೆತಿದೆ, ನಮ್ಮಲ್ಲಿ ಯಾರೂ ಹೆಸರು ಕೇಳದ ಚಿಕ್ಕ ಕಾಲೇಜೊಂದರಲ್ಲಿಯೂ ದೊರೆತಿದೆ, ಅವಳ ಮನಸ್ಸು ಚಿಕ್ಕದರ ಕಡೆಗಿದೆ, ನೆಂಟರಿಷ್ಟರು ಕೇಳಿದರೆ ಏನೆಂದು ಹೇಳುವುದು? ನೆಂಟರಿಗೆ ಹೇಳುವ ಉತ್ತರ ನನ್ನಲ್ಲಿಲ್ಲ. ಆದರೆ ಈ ಪ್ರಶ್ನೆಗೆ ಇನ್ನೂರು ವರ್ಷ ಮೀರಿದ ಚರಿತ್ರೆಯಿದೆ. ಅದನ್ನು ತಿಳಿದರೆ ಆಯ್ಕೆ ಸುಲಭವಾಗದಿದ್ದರೂ ಏನನ್ನು ಆರಿಸುತ್ತಿದ್ದೇವೆ ಎಂಬುದಾದರೂ ಸ್ಪಷ್ಟವಾದೀತು.

ಮೊದಲು ಒಂದು ಭೇದವನ್ನು ಗಮನಿಸಬೇಕು. ನಮ್ಮ ಕಾಲೇಜುಗಳಲ್ಲಿ ಬಹುಪಾಲು ವಿಶ್ವವಿದ್ಯಾನಿಲಯದ ಕೊಂಬೆಗಳು. ಪಠ್ಯವನ್ನು ಗೊತ್ತುಮಾಡುವುದು ಅದು, ಪರೀಕ್ಷೆ ನಡೆಸುವುದು ಅದು, ಪದವಿ ಕೊಡುವುದೂ ಅದೇ. ಅಮೆರಿಕದ ಚಿಕ್ಕ ಕಾಲೇಜು ತನ್ನ ಕಾಲಮೇಲೆ ತಾನೇ ನಿಂತ ಸಂಸ್ಥೆ. ಅಲ್ಲಿರುವವರು ಸಾವಿರವೋ ಎರಡು ಸಾವಿರವೋ ವಿದ್ಯಾರ್ಥಿಗಳು. ಸಾಹಿತ್ಯ, ಗಣಿತ, ಚರಿತ್ರೆ, ವಿಜ್ಞಾನಗಳನ್ನು ಇಂಥದೇ ಒಂದು ಉದ್ಯೋಗಕ್ಕೆಂದಲ್ಲದೆ ಬುದ್ಧಿಯ ಸಂಸ್ಕಾರಕ್ಕೆಂದು ಕಲಿಸುವುದು ಅದರ ಕಸುಬು. ಪಾಠ ಹೇಳುವವರೂ ಪ್ರಬಂಧ ತಿದ್ದುವವರೂ ಒಬ್ಬರೇ.

ಈ ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಒಂದೇ ಊರಿನಲ್ಲಿ, ಎದುರುಬದುರಾಗಿ, ಜಗಳವಾದದ್ದುಂಟು. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿ ಡಾರ್ಟ್‌ಮತ್ ಕಾಲೇಜು 1769ರಲ್ಲಿ ಮೂರನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಹೊರಟ ಸನ್ನದಿನಿಂದ ಹುಟ್ಟಿತು. ಸ್ಥಾಪಕ ಎಲಿಯಾಜರ್ ವೀಲಾಕ್ ಎಂಬ ಪಾದ್ರಿ. ಆ ನೆಲದ ಮೂಲನಿವಾಸಿಗಳ ಮಕ್ಕಳಿಗೆ ವಿದ್ಯೆ ಕೊಡುವುದು ಸನ್ನದಿನ ಮುಖ್ಯ ಉದ್ದೇಶವಾಗಿದ್ದರೂ, ವಿದ್ಯೆ ಸಂದದ್ದು ಹೆಚ್ಚಾಗಿ ವಲಸೆ ಬಂದ ಬಿಳಿಯರ ಮಕ್ಕಳಿಗೆ. ವೀಲಾಕನ ತರುವಾಯ ಅವನ ಮಗ ಜಾನ್ ಅಧ್ಯಕ್ಷನಾದ. ಅವನಿಗೂ ಧರ್ಮದರ್ಶಿಗಳಿಗೂ ಮನಸ್ತಾಪ ಬೆಳೆದು 1815ರಲ್ಲಿ ಅವರು ಅವನನ್ನು ಪದಚ್ಯುತಗೊಳಿಸಿದರು. ಮರುವರ್ಷ ಸಂಸ್ಥಾನದ ಶಾಸನಸಭೆ ನಡುವೆ ಬಂದು, ಸನ್ನದನ್ನು ತಿದ್ದಿ, ಕಾಲೇಜನ್ನು ‘ಡಾರ್ಟ್‌ಮತ್ ವಿಶ್ವವಿದ್ಯಾನಿಲಯ’ವೆಂದು ಸಾರಿ ತನ್ನ ಹತೋಟಿಗೆ ತೆಗೆದುಕೊಂಡಿತು.

ಹಳೆಯ ಧರ್ಮದರ್ಶಿಗಳು ಒಪ್ಪಲಿಲ್ಲ. ಕಟ್ಟಡಗಳೂ ಸರ್ಕಾರದ ಬೆಂಬಲವೂ ವಿಶ್ವವಿದ್ಯಾನಿಲಯದ ಪಾಲಿಗೆ ಹೋದವು. ಕಾಲೇಜಿಗೆ ಉಳಿದದ್ದು ಹತ್ತಿರದ ಬಾಡಿಗೆ ಕೋಣೆಗಳು ಮತ್ತು ಫ್ರಾನ್ಸಿಸ್ ಬ್ರೌನ್ ಎಂಬ ತರುಣ ಅಧ್ಯಕ್ಷ. ವಿದ್ಯಾರ್ಥಿಗಳು ಏನು ಮಾಡಿದರು? ಬೆರಳೆಣಿಕೆಯಷ್ಟು ಮಂದಿ ವಿಶ್ವವಿದ್ಯಾನಿಲಯಕ್ಕೆ ಹೋದರು. ಉಳಿದವರು ಬಾಡಿಗೆ ಕೋಣೆಯ ಪಾಠಕ್ಕೇ ಬಂದರು. ಗೋಡೆ ಬಿಟ್ಟು ಗುರುವಿನ ಹಿಂದೆ ಹೋದರೆಂದರೂ ತಪ್ಪಿಲ್ಲ.

ಸಂಸ್ಥಾನದ ನ್ಯಾಯಾಲಯದಲ್ಲಿ ಕಾಲೇಜು ಸೋತಿತು. ವ್ಯಾಜ್ಯ ವಾಷಿಂಗ್‌ಟನ್ನಿನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1818ರ ಮಾರ್ಚಿನಲ್ಲಿ ಅದರ ಪರವಾಗಿ ವಾದಿಸಿದವನು 1801ರಲ್ಲಿ ಅಲ್ಲಿಯೇ ಓದು ಮುಗಿಸಿದ್ದ ಡೇನಿಯಲ್ ವೆಬ್‌ಸ್ಟರ್. ಅದು ಚಿಕ್ಕ ಕಾಲೇಜೇ ಸರಿ, ಆದರೂ ಅದನ್ನು ಪ್ರೀತಿಸುವವರಿದ್ದಾರೆ ಎಂದು ಅವನು ಗದ್ಗದಿತನಾಗಿ ಹೇಳಿದನೆಂಬುದು ಪ್ರಸಿದ್ಧವಾದ ಕಥೆ. ಇದು ವಾದದ ಅಚ್ಚಾದ ಪ್ರತಿಯಲ್ಲಿಲ್ಲ. ಅಂದು ಕೇಳಿದ್ದ ಯೇಲ್ ಪ್ರಾಧ್ಯಾಪಕನೊಬ್ಬ ದಶಕಗಳ ಮೇಲೆ ನೆನೆದು ಬರೆದದ್ದು. 1819ರ ಫೆಬ್ರವರಿ 2ರಂದು ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ತೀರ್ಪು ಕೊಟ್ಟ: ಸನ್ನದು ಒಂದು ಕರಾರು, ಸಂಸ್ಥಾನ ಅದನ್ನು ಮುರಿಯಲಾಗದು. ಮುಂದಿನ ವರ್ಷವೇ ಬ್ರೌನ್ ತೀರಿಕೊಂಡ. ಆಗ ಅವನಿಗೆ ಮೂವತ್ತಾರು ವರ್ಷ.

ಎದುರು ಪಕ್ಷದಲ್ಲಿಯೂ ಹುರುಳಿಲ್ಲದಿರಲಿಲ್ಲ. ಸತ್ತವರು ಬರೆದಿಟ್ಟ ಕಟ್ಟಳೆ ಬದುಕಿರುವವರನ್ನು ಕಟ್ಟಿಹಾಕಬೇಕೆ ಎಂದು ಕೇಳಿದವನು ಥಾಮಸ್ ಜೆಫರ್‌ಸನ್. ವಿದ್ಯೆ ಪ್ರಜೆಗಳ ಸೊತ್ತು ಎಂದು ನಂಬಿದ ಅವನ ವರ್ಜೀನಿಯಾ ವಿಶ್ವವಿದ್ಯಾನಿಲಯಕ್ಕೆ ಅದೇ 1819ರ ಜನವರಿಯಲ್ಲಿ ಮಂಜೂರಾತಿ ದೊರೆಯಿತು. ಎರಡು ದಾರಿಗಳೂ ಒಂದೇ ಚಳಿಗಾಲದಲ್ಲಿ ತೆರೆದುವೆನ್ನಬಹುದು.

ತೀರ್ಪಿನ ಬಲದಿಂದ ಖಾಸಗಿ ಕಾಲೇಜುಗಳು ನಿರ್ಭಯವಾಗಿ ಬೆಳೆದುವು. ಅವುಗಳಲ್ಲಿ ಕೆಲವು, ದೊಡ್ಡ ಹೆಸರಿನವು ಮಾಡಲಾರದ್ದನ್ನು ಮಾಡಿದುವು. ಓಹಾಯೋದ ಓಬರ್ಲಿನ್ ಕಾಲೇಜು 1835ರಲ್ಲಿ ಕರಿಯರನ್ನು ಸೇರಿಸಿಕೊಳ್ಳಲು ನಿಶ್ಚಯಿಸಿತು. 1837ರಲ್ಲಿ ನಾಲ್ವರು ಹೆಣ್ಣುಮಕ್ಕಳನ್ನು ಗಂಡಸರೊಡನೆ ಪದವಿ ತರಗತಿಗೆ ಸೇರಿಸಿಕೊಂಡಿತು. ಯೇಲ್ ಮತ್ತು ಪ್ರಿನ್‌ಸ್ಟನ್‌ಗಳು ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಕರೆದದ್ದು 1969ರಲ್ಲಿ. ಡಾರ್ಟ್‌ಮತ್ ಕೂಡ 1972ರಲ್ಲಿ. ಮಗಳಿಗಾಗಿ ಕೇಳುವ ತಂದೆ ಈ ವರ್ಷಗಳನ್ನು ಒಮ್ಮೆ ಲೆಕ್ಕ ಹಾಕಬೇಕು.

1876ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್‌ಕಿನ್ಸ್ ತೆರೆದಾಗ ಕಾಲ ತಿರುಗಿತು. ಜರ್ಮನಿಯ ಮಾದರಿಯಲ್ಲಿ ಸಂಶೋಧನೆಯೇ ವಿಶ್ವವಿದ್ಯಾನಿಲಯದ ಜೀವಾಳವೆಂದಾಯಿತು. ಪ್ರಯೋಗಶಾಲೆ, ಮಹಾ ಗ್ರಂಥಭಂಡಾರ, ಪಿಎಚ್.ಡಿ. ಪದವಿ, ಇವುಗಳೆದುರು ಚಿಕ್ಕ ಕಾಲೇಜು ಬಡವಾಗಿ ಕಂಡಿತು. 1900ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ಹಾರ್ಪರ್, ಇಂಥವುಗಳಲ್ಲಿ ಹಲವು ಮೊದಲೆರಡು ವರ್ಷದ ಪಾಠಕ್ಕೆ ಇಳಿಯುವುದೇ ಲೇಸೆಂದ.

ಬಲವಾದವು ಇಳಿಯಲಿಲ್ಲ. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿಗೆ 1921ರಲ್ಲಿ ಅಧ್ಯಕ್ಷನಾದ ಫ್ರ್ಯಾಂಕ್ ಏಡೆಲಾಟ್, ತಾನು ಆಕ್ಸ್‌ಫರ್ಡಿನಲ್ಲಿ ಕಂಡ ಕ್ರಮವನ್ನು ಅಲ್ಲಿಗೆ ಒಗ್ಗಿಸಿದ. ನಾಲ್ಕಾರು ವಿದ್ಯಾರ್ಥಿಗಳು ಗುರುವಿನ ಸುತ್ತ ಕುಳಿತು ತಮ್ಮ ಬರೆಹವನ್ನೋದಿ ಚರ್ಚಿಸುವರು. ಕೊನೆಗೆ ಹೊರಗಿನ ವಿದ್ವಾಂಸರು ಬಂದು ಪರೀಕ್ಷಿಸುವರು. ಹೊರಗಿನ ಪರೀಕ್ಷಕರು ನಮಗೂ ಇದ್ದಾರಲ್ಲ ಎನ್ನಬಹುದು. ನಿಜ. ಕೇಂದ್ರದಲ್ಲಿ ಕುಳಿತು ಉತ್ತರಪತ್ರಿಕೆಗಳ ಕಟ್ಟು ತಿದ್ದಿದವನು ನಾನು. ಅಲ್ಲಿ ನಾನು ಕಂಡದ್ದು ಸಂಖ್ಯೆಗಳನ್ನು, ವಿದ್ಯಾರ್ಥಿಗಳನ್ನಲ್ಲ. ಸ್ವಾರ್ತ್‌ಮೋರಿನಲ್ಲಿ ಪರೀಕ್ಷಕ ವಿದ್ಯಾರ್ಥಿಯ ಎದುರು ಕುಳಿತು ಮಾತನಾಡುತ್ತಾನೆ.

ಆದರೆ ಪ್ರೀತಿಯೊಂದರಿಂದಲೇ ಸಂಸ್ಥೆಗಳು ಉಳಿಯುವುದಿಲ್ಲ. 2015ರಲ್ಲಿ ವರ್ಜೀನಿಯಾದ ಸ್ವೀಟ್ ಬ್ರಯರ್ ಎಂಬ ಮಹಿಳಾ ಕಾಲೇಜು ಬಾಗಿಲು ಹಾಕುವುದಾಗಿ ಸಾರಿದಾಗ ಹಳೆಯ ವಿದ್ಯಾರ್ಥಿನಿಯರು ಹಣ ಕೂಡಿಸಿ, ನ್ಯಾಯಾಲಯಕ್ಕೆ ಹೋಗಿ ಅದನ್ನು ಉಳಿಸಿಕೊಂಡರು. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿಗೆ ಆ ಭಾಗ್ಯವಿರಲಿಲ್ಲ. 2022ರಲ್ಲಿ ಅದು ದೂರದ ಬಾಸ್ಟನ್ನಿನ ವಿಶ್ವವಿದ್ಯಾನಿಲಯವೊಂದರಲ್ಲಿ ಲೀನವಾಯಿತು. ಇನ್ನು ಖರ್ಚು: ಚಿಕ್ಕದೆಂದ ಮಾತ್ರಕ್ಕೆ ಅದು ಅಗ್ಗವಲ್ಲ.

ಹೆಸರಿನ ಬೆಲೆಯೂ ವಿಚಿತ್ರವಾದದ್ದು. ನೆಂಟರು ಭಕ್ತಿಯಿಂದ ಹೇಳುವ ‘ಐವಿ ಲೀಗ್’ ಎಂಬ ಕೂಟ, ಎಂಟು ಸಂಸ್ಥೆಗಳು ಆಟೋಟದ ಸಲುವಾಗಿ 1954ರಲ್ಲಿ ಮಾಡಿಕೊಂಡ ಒಪ್ಪಂದದ ಫಲ. ಅಂದು ಬಾಡಿಗೆ ಕೋಣೆಯಲ್ಲಿದ್ದ ಡಾರ್ಟ್‌ಮತ್ ಆ ಎಂಟರಲ್ಲಿ ಒಂದು! ಅದು ಪಿಎಚ್.ಡಿ. ಕೊಡುವಷ್ಟು ಬೆಳೆದಿದ್ದರೂ ಹಳೆಯ ಜಗಳವನ್ನು ಮರೆಯದೆ ಇಂದಿಗೂ ‘ಕಾಲೇಜು’ ಎಂದೇ ಕರೆದುಕೊಳ್ಳುತ್ತದೆ.

ಆದ್ದರಿಂದ ಕೇಳಲು ಬಂದವರಿಗೆ ನಾನು ಇಷ್ಟನ್ನು ಹೇಳುತ್ತೇನೆ. ಮಗಳು ಯಾವ ವಿಷಯವೆಂದು ಈಗಾಗಲೇ ನಿಶ್ಚಯಿಸಿಕೊಂಡು, ಪ್ರಯೋಗಶಾಲೆಯ ಹಸಿವಿನಿಂದ ಹೊರಟವಳಾದರೆ ದೊಡ್ಡದಕ್ಕೆ ಹೋಗಲಿ. ಇನ್ನೂ ಹುಡುಕುತ್ತಿರುವವಳಾದರೆ ಎರಡು ಕಡೆಗೂ ಒಂದೇ ಪ್ರಶ್ನೆ ಬರೆದು ಕೇಳಿ: ಮೊದಲ ವರ್ಷದಲ್ಲಿ ಅವಳು ಬರೆಯುವ ಪ್ರಬಂಧವನ್ನು ಯಾರು ಓದುತ್ತಾರೆ, ಓದಿದವರು ಅವಳನ್ನು ಕರೆದು ಕೂರಿಸಿಕೊಂಡು ಮಾತನಾಡುತ್ತಾರೆಯೆ? ಆ ಕಾಗದಕ್ಕೆ ಬರುವ ಉತ್ತರವನ್ನು ನೆಂಟರಿಗೆ ತೋರಿಸಬೇಕಾಗಿಲ್ಲ. ಮಗಳಿಗೆ ತೋರಿಸಿದರೆ ಸಾಕು.